ಕೈ ಕಟ್ಟಿ ಕೂತ ಹದಿನಾಲ್ಕು ಬೆಳಗು

ಬೇಸಿಗೆ ಆಗತಾನೇ ಕಾಲಿಟ್ಟಿತ್ತು. ಬೆಳಿಗ್ಗೆ ಏಳಕ್ಕೇ ಗೋಡೆ ಬೆಚ್ಚಗಾಗುವ ದಿನಗಳು. ಅಂಥ ಒಂದು ಬೆಳಿಗ್ಗೆ ಸರಿಯಾಗಿ ಏಳು ಗಂಟೆಗೆ ಸಂಶೋಧನೆಯ ಹುಡುಗಿ ಅಕ್ಕನ ಮನೆ ಬಾಗಿಲು ತಟ್ಟಿದಳು. ಆಟಿಸಂ ಇರುವ ಮಕ್ಕಳು, ದೊಡ್ಡವರು ದಿನ ಬೆಳಗಾದರೆ ತಮ್ಮ ಪಾಡಿಗೆ ತಾವು ಏನೇನು ಮಾಡಿಕೊಳ್ಳುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ಮನೆ ಮನೆಗೆ ಹೋಗಿ ಬರೆದುಕೊಳ್ಳುವುದು ಅವಳ ಕೆಲಸ.

ಅಕ್ಕ ನಲವತ್ತು ವರ್ಷ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ರೋಗಿಗಳ ನಿಲುವಂಗಿಗೆ ಲಾಡಿ ಹಚ್ಚಿದವಳು. ಅವಳಿಗೀಗ ಎಪ್ಪತ್ತೊಂದು, ಆಟಿಸಂ ಇರುವ ತಮ್ಮನಿಗೆ ನಲವತ್ತೆಂಟು. ಮಾತು ಕಡಿಮೆ, ಕೂತಲ್ಲಿಗೇ ಎಲ್ಲ ಬರುತ್ತದೆ ಎಂದು ಅವನಿಗೆ ದೊರೆ ಅಂತಲೇ ಹೆಸರು ಬಿದ್ದಿತ್ತು. ಹೋದ ವರ್ಷ ಅಕ್ಕನ ಎದೆ ಒಮ್ಮೆ ಕೈಕೊಟ್ಟಿತ್ತು. ತಾನು ಕಣ್ಣು ಮುಚ್ಚಿದರೆ ಇವನ ಗತಿಯೇನು? ದೊರೆಯಂಥವರು ನಾಲ್ಕು ಜನ ಒಟ್ಟಿಗಿರುವ ಮನೆಯೊಂದರಲ್ಲಿ ಕೋಣೆ ಖಾಲಿಯಾಗಿತ್ತು. ಆದರೆ ಬೆಳಗಿನ ಕೆಲಸ ಬಹುಪಾಲು ತಾವೇ ಮಾಡಿಕೊಳ್ಳುವವರಿಗಷ್ಟೇ ಅಲ್ಲಿ ಜಾಗ. ಅದನ್ನು ತೋರಿಸುವ ಕಾಗದ ಬೇಕಿತ್ತು. ತನ್ನ ವರದಿಯ ಪ್ರತಿ ಕೊಡುತ್ತೇನೆ ಎಂದಿದ್ದಳು ಹುಡುಗಿ.

"ತಾವೇ ಚಹಾ ಮಾಡ್ಕೊಳ್ತಾರಾ?"

"ಇಲ್ಲ."

"ರಸ್ತೆ ದಾಟ್ತಾರಾ?"

"ಅಯ್ಯೋ, ಇಲ್ಲಮ್ಮ."

ಹತ್ತೊಂಬತ್ತು ಪ್ರಶ್ನೆಗೂ ಹತ್ತೊಂಬತ್ತು ಇಲ್ಲ. ಅದು ಮುಗಿಯುವಷ್ಟರಲ್ಲಿ ಅಕ್ಕ ದೊರೆಯ ಅಂಗಿಯ ಗುಂಡಿ ಹಾಕಿ, ಚಹಾ ಆರಿಸಿ ಕೈಗಿತ್ತು, ಬಾಯಿ ಒರೆಸಿಯೂ ಆಗಿತ್ತು.

ಹುಡುಗಿ ಪೆನ್ನು ಕೆಳಗಿಟ್ಟಳು. "ಅಕ್ಕ, ಇವ್ರಿಗೆ ಬರಲ್ವಾ, ನೀವು ಬಿಟ್ಟಿಲ್ವಾ?"

"ಬಿಟ್ಟು ನೋಡೋಕೆ ಪುರುಸೊತ್ತೆಲ್ಲಿತ್ತು? ಏಳೂವರೆಗೆ ಡ್ಯೂಟಿ."

"ಈಗ ಡ್ಯೂಟಿ ಇಲ್ವಲ್ಲ."

ಕೊನೆಗೆ ಒಪ್ಪಂದವಾಯಿತು. ಹದಿನಾಲ್ಕು ಬೆಳಗು ಅಕ್ಕ ಕೈ ಕಟ್ಟಿ, ತುಟಿ ಪಿಟಕ್ಕೆನ್ನದೆ ಸ್ಟೂಲಿನ ಮೇಲೆ ಕೂತಿರಬೇಕು. ಹುಡುಗಿ ಮೂಲೆಯಲ್ಲಿ ಕೂತು ಬರೆದುಕೊಳ್ಳುವುದು.

ಮೊದಲ ಬೆಳಗು ದೊರೆ ಹನ್ನೊಂದು ನಿಮಿಷ ಒಲೆಯನ್ನೇ ನೋಡುತ್ತ ಕೂತ. ಕೈ ತಾನಾಗಿ ಮುಂದೆ ಹೋದೀತೆಂದು ಅಕ್ಕ ಎರಡೂ ಅಂಗೈಯನ್ನು ತೊಡೆಯಡಿ ಇಟ್ಟುಕೊಂಡಳು. ಆಮೇಲೆ ಅವನು ಎದ್ದ. ಪಾತ್ರೆಗೆ ನೀರು ಹಿಡಿದ. ಒಲೆಯ ತಿರುಪನ್ನು ಬೆರಳಲ್ಲಿ ಎರಡು ಸಲ ತಟ್ಟಿ, ಆಮೇಲೆ ತಿರುಗಿಸಿದ.

ಅದು ಅಕ್ಕನದೇ ವರಸೆ. ತಿರುಪು ಕಚ್ಚಿಕೊಳ್ಳುತ್ತಿದ್ದದ್ದು ಹಳೆ ಒಲೆಯಲ್ಲಿ, ಮೂವತ್ತು ವರ್ಷದ ಕೆಳಗೆ. ಆ ಒಲೆ ಗುಜರಿಗೆ ಹೋದರೂ ತಟ್ಟುವ ಚಾಳಿ ಅವಳ ಕೈಬಿಟ್ಟಿರಲಿಲ್ಲ. ದೊರೆ ಚಹಾಪುಡಿಯ ಚಮಚವನ್ನು ಅವಳಂತೆಯೇ ಡಬ್ಬಿಯ ಅಂಚಿಗೆ ಒರೆಸಿದ. ಕುದಿ ಬಂದಾಗ ಅವಳಂತೆಯೇ "ಸಾಕು, ಸಾಕು" ಎಂದು ಒಲೆಯನ್ನು ಗದರಿಸಿದ. ತಾನು ಅವನನ್ನು ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡ ಅಷ್ಟೂ ವರ್ಷ ಅವನೂ ಅವಳನ್ನು ನೋಡುತ್ತಲೇ ಇದ್ದ. ಒಂದು ಎಳೆಯನ್ನೂ ಬಿಟ್ಟಿರಲಿಲ್ಲ.

ಮೂರನೆಯ ಬೆಳಗು ಅವನೇ ಚಪ್ಪಲಿ ಮೆಟ್ಟಿ ಬ್ರೆಡ್ಡಿನಂಗಡಿಗೆ ಹೊರಟ. ಅಕ್ಕ ಕಳ್ಳಿಯ ಹಾಗೆ ಹಿಂದೆ ಹಿಂದೆ ಹೋಗಿ ಅಂಚೆಪೆಟ್ಟಿಗೆಯ ಮರೆಗೆ ನಿಂತಳು. ರಸ್ತೆಯ ಅಂಚಿನಲ್ಲಿ ದೊರೆ ನಿಂತ. ಎಡಗೈಯನ್ನು ಪಕ್ಕಕ್ಕೆ ಚಾಚಿ, ಇಲ್ಲದ ಕೈಯೊಂದನ್ನು ಹಿಡಿದುಕೊಂಡ ಹಾಗೆ ಬೆರಳು ಮಡಚಿದ. ಅತ್ತ ನೋಡಿದ, ಇತ್ತ ನೋಡಿದ. ಬಸ್ಸೊಂದನ್ನು ಹೋಗಗೊಟ್ಟು, ಆ ಇಲ್ಲದ ಕೈಯನ್ನು ಜೋಪಾನವಾಗಿ ಆಚೆ ದಡ ಸೇರಿಸಿ, ಮೆಲ್ಲಗೆ ಬಿಟ್ಟ. ಯಾರು ಯಾರನ್ನು ದಾಟಿಸಿದ್ದು ಇಷ್ಟು ದಿನ?

"ಏನ್ ದೊರೆ, ಇವತ್ತು ಒಬ್ರದೇ ಸವಾರಿ? ಅಕ್ಕ ಎಲ್ಲಿ?" ಅಂಗಡಿಯವಳು ಕೇಳಿದಳು.

"ಪೆಟ್ಟಿಗೆ ಹಿಂದೆ," ಎಂದ ದೊರೆ, ತಿರುಗಿಯೂ ನೋಡದೆ.

ಎಲ್ಲ ಬೆಳಗೂ ಹೀಗಿರಲಿಲ್ಲ. ಆರನೆಯ ದಿನ ಬೀದಿಯಲ್ಲಿ ಯಾರೋ ಕಲ್ಲು ಕೊರೆಯುವ ಯಂತ್ರ ಶುರುಮಾಡಿದರು. ದೊರೆ ಕಿವಿ ಮುಚ್ಚಿಕೊಂಡು ಮಂಚದಡಿ ಸೇರಿದವನು ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ. ಅಂದು ಚಹಾ ಅಕ್ಕನೇ ಮಾಡಿದಳು. ಅವನಿಗೆ ಇನ್ನೂ ತಾನು ಬೇಕು ಎಂದು ಒಳಗೊಳಗೇ ಹಾಯೆನಿಸಿತು, ಮರುಗಳಿಗೆಗೇ ನಾಚಿಕೆಯಾಯಿತು.

"ಇದನ್ನ ಬರೀಬೇಡ," ಎಂದಳು.

"ಬರೀಬೇಕಕ್ಕ. ನಿನ್ನೆ ಬಂದದ್ದು ಇವತ್ತು ಯಾಕೆ ಬರಲ್ಲ, ಅದೇ ನಮಗೆ ತಿಳೀಬೇಕಾಗಿರೋದು."

"ತಲೇಲಿ ಅಷ್ಟೆಲ್ಲ ಇಟ್ಕೊಂಡವನು ಇಷ್ಟು ದಿನ ಯಾಕೆ ಮಾಡ್ಲಿಲ್ಲ ಅಂತ ಕೇಳು, ನಾನೇ ಹೇಳ್ತೀನಿ. ಕಾರಣ ಈ ಸ್ಟೂಲ್ ಮೇಲೆ ಕೂತಿದೆ, ಬರ್ಕೋ."

ಹುಡುಗಿ ನಕ್ಕಳು. "ಕಾರಣ ಅಷ್ಟು ಸಣ್ಣದಾಗಿದ್ರೆ ನನಗೆ ಕೆಲಸಾನೇ ಇರ್ತಿರ್ಲಿಲ್ಲ."

ಹದಿನಾಲ್ಕನೆಯ ಬೆಳಗು ಲೆಕ್ಕ ಸಿಕ್ಕಿತು: ಹನ್ನೆರಡು ಹೌದು, ಮೂರು ಒಮ್ಮೊಮ್ಮೆ, ನಾಲ್ಕು ಇಲ್ಲ. ಕೋಣೆ ಖಾಲಿಯಿದ್ದ ಆ ಮನೆಯವರು ಕಾಗದ ನೋಡಿ ಒಪ್ಪಿದರು. ಸದ್ದಿನ ದಿನ ಯಾರಾದರೂ ಜೊತೆಗಿರುತ್ತೇವೆ ಎಂದರು. ಆದರೆ ದೊರೆಯನ್ನು ಯಾರೂ ಕೇಳಿರಲಿಲ್ಲ. ಹುಡುಗಿ ಆ ಕೋಣೆಯ ಫೋಟೋ ತಂದು ಅವನ ಮುಂದಿಟ್ಟಳು. "ಇಲ್ಲಿ ಇರ್ತೀರಾ?"

ಅವನು ಮೂರು ದಿನ ಫೋಟೋ ನೋಡಿದ. ನಾಲ್ಕನೆಯ ದಿನ ತನ್ನ ತಲೆದಿಂಬು ತಂದು ಹೊಸ್ತಿಲ ಮೇಲಿಟ್ಟ.

"ಓಹೋ, ಸಿದ್ಧವಾಯ್ತೇನಪ್ಪ ಸವಾರಿ?" ಎಂದಳು ಅಕ್ಕ. ಅವನ ಅಂಗಿಯ ಮೇಲಿನ ಗುಂಡಿ ಬಿಚ್ಚಿದ್ದನ್ನು ಕಂಡೂ ಕೈ ಮುಂದೆ ಮಾಡಲಿಲ್ಲ.

ಆ ಮನೆಯವರು ಕಳಿಸಿದ ವ್ಯಾನಿನಲ್ಲಿ ಅವನು ಮುಂದಿನ ಸೀಟಿಗೆ ತಾನೇ ಹತ್ತಿದ. ದೊರೆ ಹೊಸ ಮನೆಗೆ ಹೋದದ್ದು ಬುಧವಾರ. ಗುರುವಾರ ಬೆಳಿಗ್ಗೆ ಅಕ್ಕ ಒಲೆಯ ತಿರುಪನ್ನು ಎರಡು ಸಲ ತಟ್ಟಿ, ಒಂದೇ ಲೋಟ ಚಹಾ ಮಾಡಿಕೊಂಡಳು.