ಅತ್ತಿಗೆಯ ದಾಳ

ಯಾರನ್ನೂ ನಂಬದಿರುವುದಕ್ಕೇ ಅವನಿಗೆ ಸಂಬಳ ಬರುತ್ತಿತ್ತು. ತೂಕ-ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹಿಡಿದು ಅಂಗಡಿ ಅಂಗಡಿ ಸುತ್ತುವುದು, ತಕ್ಕಡಿಯ ತಟ್ಟೆ ಎತ್ತಿ ಅಡಿಯಲ್ಲಿ ಅಯಸ್ಕಾಂತ ಏನಾದರೂ ಅಂಟಿಸಿದ್ದಾರೋ ಎಂದು ಬೆರಳಾಡಿಸುವುದು, ಪೆಟ್ರೋಲ್ ಬಂಕಿನಲ್ಲಿ ಅಳತೆಪಾತ್ರೆ ತುಂಬಿಸಿ ಕಣ್ಣು ಕಿರಿದು ಮಾಡಿಕೊಂಡು ಗೆರೆ ನೋಡುವುದು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಮೇಲೆ ಆ ಬುದ್ಧಿ ಮನೆಗೂ ಬಂದು ಕೂತಿತ್ತು. ಹೆಂಡತಿ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿದೆ ಅಂದರೆ "ಚಮಚ ತುಂಬಿತ್ತಾ?" ಅನ್ನುವ ಪೈಕಿ.

ಭಾನುವಾರ ಮಧ್ಯಾಹ್ನ ಮಾತ್ರ ಅವನು ಆ ಪೆಟ್ಟಿಗೆಯನ್ನು ಮರೆಯುತ್ತಿದ್ದ. ಆರು ವರ್ಷದಿಂದ ಅಣ್ಣನ ಮನೆಯ ಊಟದ ಮೇಜಿನ ಸುತ್ತ ನಾಲ್ಕು ಜನ ಸೇರಿ ಒಂದು ಆಟ ಆಡುತ್ತಿದ್ದರು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರ. ಬೀಗ ಮುರಿಯಬೇಕು, ಗೋಡೆ ಹಾರಬೇಕು, ಅರಸನಿಗೆ ಮುಖಕ್ಕೆ ಹೊಡೆದ ಹಾಗೆ ಸುಳ್ಳು ಹೇಳಬೇಕು ಅಂದರೆ ಇಪ್ಪತ್ತು ಮುಖದ ದಾಳ ಉರುಳಿಸುವುದು. ಹೆಚ್ಚು ಬಿದ್ದರೆ ಗೆದ್ದ ಹಾಗೆ, ಕಡಿಮೆ ಬಿದ್ದರೆ ಕೆಟ್ಟ ಹಾಗೆ.

ಕಥೆ ನಡೆಸುವವಳು ಅವನ ತಂಗಿ, ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನವಳು. ಇನ್‌ಸ್ಪೆಕ್ಟರ್ ಕೋಟೆಯ ಕಾವಲುಗಾರ. ಅಣ್ಣನ ಗೆಳೆಯ ಲಿಫ್ಟ್ ರಿಪೇರಿಯವನು ಮದ್ದುಮಾಟದವನು. ಅತ್ತಿಗೆ ಕಳ್ಳಿ. ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ, ಹೋದ ವರ್ಷ ಅವಧಿಗೆ ಮುಂಚೆಯೇ ಕೆಲಸ ಬಿಟ್ಟಿದ್ದಳು. ಅಷ್ಟು ವರ್ಷ ಅಲ್ಪವಿರಾಮಕ್ಕೂ ಮಾಫಿ ಕೊಡದ ಹೆಂಗಸು ಆಟದಲ್ಲಿ ಮಾತ್ರ ಕೈಗೆ ಸಿಕ್ಕಿದ್ದನ್ನೆಲ್ಲ ಎಗರಿಸುತ್ತಿದ್ದಳು. ಅಣ್ಣ ಆಡುತ್ತಿರಲಿಲ್ಲ. ರೈಲ್ವೆ ಗಾರ್ಡು, ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆ.

ತಂಗಿಗೆ ಬೇರೆ ಊರಿನಲ್ಲಿ ದೊಡ್ಡ ಲ್ಯಾಬಿನ ಕೆಲಸ ಸಿಕ್ಕಿತು. ಮೇಜು ಖಾಲಿಯಾಯಿತು. "ಆಟ ನಿಲ್ಲಿಸೋದು ಬೇಡ, ವಿಡಿಯೋ ಕರೆ ಮಾಡಿ ಆಡೋಣ. ಅವರವರ ದಾಳ ಅವರವರ ಮನೇಲಿ ಉರುಳಿಸಿ ಎಷ್ಟು ಬಿತ್ತು ಅಂತ ಹೇಳಿದರಾಯ್ತು" ಅಂದಳು ತಂಗಿ. ಎಲ್ಲರೂ ಹೂಂ ಅಂದರು.

ಮೂರನೇ ಭಾನುವಾರಕ್ಕೇ ಇನ್‌ಸ್ಪೆಕ್ಟರ್‌ನ ಕಿವಿ ನೆಟ್ಟಗಾಯಿತು.

"ಹದಿನಾಲ್ಕು" ಅಂದಳು ಅತ್ತಿಗೆ. ಬೀಗ ತೆರೆಯಿತು. ಮತ್ತೆ "ಹದಿಮೂರು". ಕಾವಲುನಾಯಿ ಬೊಗಳಲಿಲ್ಲ. ಆಮೇಲೆ "ಹದಿನೈದು". ಅವಳ ದಾಳ ಕ್ಯಾಮೆರಾದ ಕೆಳಗೆ ಎಲ್ಲೋ ಉರುಳುತ್ತಿತ್ತು, ಟಕಟಕ ಸದ್ದು ಕೇಳುತ್ತಿತ್ತು, ಆದರೆ ಯಾರಿಗೂ ಕಾಣುತ್ತಿರಲಿಲ್ಲ. ಅವನು ಒಂದು ಹಾಳೆ ತೆಗೆದುಕೊಂಡು ಬರೆಯಲು ಶುರುಮಾಡಿದ. ಐದು ವಾರದಲ್ಲಿ ಅರವತ್ತಮೂರು ಸಲ. ಅದರಲ್ಲಿ ಒಂದು ಸಲವೂ ಇಪ್ಪತ್ತು ಬಿದ್ದಿಲ್ಲ, ಒಂದು ಸಲವೂ ಒಂದು ಬಿದ್ದಿಲ್ಲ. ಬಿದ್ದಿದ್ದೆಲ್ಲ ಎಂಟರಿಂದ ಹದಿನಾರರ ಒಳಗೆ. ಇದು ಅವನಿಗೆ ಚೆನ್ನಾಗಿ ಗೊತ್ತಿದ್ದ ಲಕ್ಷಣ. ದಡ್ಡ ವ್ಯಾಪಾರಿ ಕಿಲೋಗೆ ಇನ್ನೂರು ಗ್ರಾಂ ಹೊಡೆದು ಸಿಕ್ಕಿಬೀಳುತ್ತಾನೆ. ಜಾಣ ಮೂವತ್ತು ಗ್ರಾಮಿನಲ್ಲೇ ಮನೆ ಕಟ್ಟುತ್ತಾನೆ.

ಲಿಫ್ಟಿನವನಿಗೆ ಫೋನು ಮಾಡಿ ಹೇಳಿದ. ಅವನು ನಕ್ಕುಬಿಟ್ಟ. "ಬಿಡಿ ಇನ್‌ಸ್ಪೆಕ್ಟ್ರೇ, ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ. ಆಟ ತಾನೆ? ಎರಡು ನಂಬರು ಹೆಚ್ಚಿಗೆ ಹೇಳಿದರೆ ಯಾರ ಗಂಟೇನು ಹೋಗುತ್ತೆ?"

"ಗಂಟು ಹೋಗೋದಲ್ಲ ಮಾರಾಯ. ಮೂವತ್ತು ವರ್ಷ ಊರವರ ತಪ್ಪು ಹಿಡಿದ ಹೆಂಗಸು ನಮ್ಮ ಕಣ್ಣಿಗೇ ಮಣ್ಣೆರಚ್ತಿದಾಳಲ್ಲ!"

ಬಾಯಿಬಿಟ್ಟು ಕೇಳುವ ಧೈರ್ಯ ಇರಲಿಲ್ಲ. ಅಮ್ಮ ಹೋದ ಮೇಲೆ ಅವನಿಗೂ ತಂಗಿಗೂ ಊಟಕ್ಕಿಟ್ಟು ಓದಿಸಿದವಳು ಅವಳೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಅವನು ಒಂದು ಉಪಾಯ ಹೂಡಿದ. "ಇಂಥ ಆಟಕ್ಕೇ ಅಂತ ತಾಣಗಳಿದಾವಂತೆ. ದಾಳವನ್ನ ಕಂಪ್ಯೂಟರೇ ಉರುಳಿಸುತ್ತೆ, ಎಲ್ಲರಿಗೂ ಕಾಣುತ್ತೆ. ಒಂದೊಂದಾಗಿ ಪರೀಕ್ಷೆ ಮಾಡಿ, ಯಾವುದು ಚೆನ್ನಾಗಿದೆಯೋ ಅದನ್ನ ಇಟ್ಕೊಳ್ಳೋಣ." ತಂಗಿಗೆ ಖುಷಿಯೋ ಖುಷಿ. ಲಿಫ್ಟಿನವನು ಮಾತ್ರ ಹಲ್ಲು ಕಚ್ಚಿ ನಗು ತಡೆದ. ಅತ್ತಿಗೆ "ಇರೋದೇ ಚೆನ್ನಾಗಿತ್ತಲ್ಲ" ಅಂದಳು. ಅದನ್ನೂ ಅವನು ಹಾಳೆಯಲ್ಲಿ ಬರೆದುಕೊಂಡ.

ಮೊದಲ ತಾಣಕ್ಕೆ ಲಿಫ್ಟಿನವನು "ಸಂತೆ" ಎಂದು ಹೆಸರಿಟ್ಟ. ಬ್ರೌಸರಿನಲ್ಲೇ ತೆರೆಯುತ್ತಿತ್ತು, ಏನೂ ಇಳಿಸಿಕೊಳ್ಳಬೇಕಾಗಿರಲಿಲ್ಲ. ಆದರೆ ನೋಡಿದಲ್ಲೆಲ್ಲ ಗುಂಡಿ, ಗುಂಡಿ ಒತ್ತಿದರೆ ಇನ್ನೊಂದು ಗುಂಡಿ, ಮಧ್ಯೆ ಮಧ್ಯೆ "ಈ ನಕ್ಷೆ ಕೊಳ್ಳಿ, ಆ ರಾಕ್ಷಸ ಕೊಳ್ಳಿ" ಎಂಬ ಕೂಗಾಟ. ಇನ್‌ಸ್ಪೆಕ್ಟರ್ ಒಬ್ಬನೇ ಕೂತು ಅದರ ದಾಳವನ್ನು ಇನ್ನೂರು ಸಲ ಉರುಳಿಸಿ ನೋಡಿದ. ತೂಕ ಸರಿಯಿತ್ತು. ಉರುಳಿಸಿದ್ದೆಲ್ಲ ಪಕ್ಕದ ಪಟ್ಟಿಯಲ್ಲಿ ದಾಖಲೆಯಾಗಿ ನಿಲ್ಲುತ್ತಿದ್ದದ್ದು ಅವನಿಗೆ ಹಿಡಿಸಿತು.

ಮೊದಲ ದಿನವೇ ಅತ್ತಿಗೆಗೆ ಮೂರು ಬಿತ್ತು. ಆಮೇಲೆ ಹತ್ತೊಂಬತ್ತು. ಆಮೇಲೆ ಆರು. 'ಈಗ ಬಂತು ನೋಡು ಬಣ್ಣ' ಅಂದುಕೊಂಡ. ಆದರೆ ಅವಳ ಸರದಿ ಬಂದಾಗಲೆಲ್ಲ ಆಟ ಮೊಳೆ ಹೊಡೆದ ಹಾಗೆ ನಿಲ್ಲುತ್ತಿತ್ತು. "ನೆಟ್ ನಿಧಾನ ಕಣೋ", "ತಡಿ, ಗುಂಡಿ ಸಿಗ್ತಿಲ್ಲ", ಕೊನೆಗೆ "ನೀನೇ ನನ್ನದೊಂದು ಉರುಳಿಸಮ್ಮ" ಎಂದು ತಂಗಿಗೆ. ತನ್ನ ಮೈಕನ್ನು ಪದೇ ಪದೇ ಮುಚ್ಚಿಡುತ್ತಿದ್ದಳು. ಎರಡನೇ ಭಾನುವಾರ ಮುಚ್ಚಲು ಮರೆತಳು. ಆಗ ಅವನಿಗೆ ಕೇಳಿಸಿತು, ಅವಳ ಹಿಂದೆ ಒಂದು ಗಂಡು ದನಿ. ತಗ್ಗಿದ, ಏರಿಳಿತವಿಲ್ಲದ ದನಿ. ಏನೋ ಪಿಸುಗುಟ್ಟಿತು, ಅತ್ತಿಗೆ ತಟ್ಟನೆ ಮೈಕು ಮುಚ್ಚಿದಳು.

"ಅಣ್ಣ ಇದಾನಾ ಮನೇಲಿ?" ಅವನು ಕೇಳಿದ.

"ಇಲ್ಲಪ್ಪ, ಡ್ಯೂಟಿ. ಯಾಕೆ?"

"ಏನಿಲ್ಲ, ಸುಮ್ಮನೆ."

ಆ ವಾರ ಅವನಿಗೆ ಅನ್ನ ಸೇರಲಿಲ್ಲ. ಅಣ್ಣನಿಗೆ ಫೋನು ಮಾಡಿದ, ಹವೆ, ರೈಲು, ಮಂಡಿನೋವು ಎಲ್ಲ ಮಾತಾಡಿ, ಕೊನೆಯಲ್ಲಿ "ಹೋದ ಭಾನುವಾರ ಮಧ್ಯಾಹ್ನ ಎಲ್ಲಿದ್ದೆ?" ಅಂದ. "ಗಾಡೀಲಿ. ಇನ್ನೆಲ್ಲಿರ್ತೀನಿ?" ಎಂದ ಅಣ್ಣ. ಮನೆಗೆ ಯಾರಾದರೂ ನೆಂಟರು ಬಂದಿದ್ದಾರಾ ಎಂದು ಕೇಳಿದ. ಯಾರೂ ಇಲ್ಲ. ಫೋನಿಟ್ಟ ಮೇಲೆ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯೆನಿಸಿತು. ಆದರೂ ಅನುಮಾನ ಅನ್ನುವುದು ಹಲ್ಲಿನ ಸಂದಿಗೆ ಸಿಕ್ಕ ನಾರು. ನಾಲಿಗೆ ಅಲ್ಲಿಗೇ ಹೋಗುತ್ತದೆ.

ಎರಡನೇ ತಾಣಕ್ಕೆ "ಲಾಟೀನು" ಎಂದು ಹೆಸರಾಯಿತು. ಅದನ್ನು ತಂಗಿ ತನ್ನ ಕಂಪ್ಯೂಟರಿನಲ್ಲಿ ಸ್ಥಾಪಿಸಿ, ಎರಡು ರಾತ್ರಿ ನಿದ್ದೆಗೆಟ್ಟು ಕಲಿತು, ಎಲ್ಲರಿಗೂ ಕೊಂಡಿ ಕಳಿಸಿದಳು. ನೋಡಲು ಮಾತ್ರ ಕಣ್ಣಿಗೆ ಹಬ್ಬ. ಕತ್ತಲ ಓಣಿಯಲ್ಲಿ ನಿಮ್ಮ ಪಾತ್ರದ ಬಿಲ್ಲೆಯನ್ನು ಮುಂದೆ ಸರಿಸಿದಷ್ಟೂ ಪಂಜಿನ ಬೆಳಕು ಮುಂದೆ ಸರಿಯುತ್ತಿತ್ತು, ಮೂಲೆಗಳು ತೆರೆದುಕೊಳ್ಳುತ್ತಿದ್ದವು. ಇನ್‌ಸ್ಪೆಕ್ಟರ್‌ನೇ ಬಾಯಿಬಿಟ್ಟು ನೋಡಿದ.

ಅಂಗಳದ ನಟ್ಟನಡುವೆ ಬಾವಿ. ಎಲ್ಲರಿಗೂ ಕಾಣುವಂಥ, ತಟ್ಟೆಯಷ್ಟು ದೊಡ್ಡ ಕಪ್ಪು ವೃತ್ತ. ಅತ್ತಿಗೆಯ ಕಳ್ಳಿ ನೆಟ್ಟಗೆ ನಡೆದು ಅದರೊಳಗೆ ಬಿದ್ದಳು.

"ಅತ್ತಿಗೆ! ಬಾವಿ!" ತಂಗಿ ಕೂಗಿದಳು.

"ಗೊತ್ತು ಕಣೇ. ಬೇಕಂತಲೇ ಹಾರಿದೆ. ಕೆಳಗೇನಾದ್ರೂ ಸಿಗುತ್ತೇನೋ ಅಂತ." ಅವಳು ನಕ್ಕಳು. ನಗು ಒಣಗಿತ್ತು. ಅರ್ಧ ಗಂಟೆಯ ನಂತರ, "ನಾನು ಇನ್ನು ಸಾಕು ಮಾಡ್ತೀನಿ. ಈ ಕಂಪ್ಯೂಟರ್ ಆಟ ನನಗೊಗ್ಗೋದಿಲ್ಲ. ಮುಂದಿನ ವಾರ ಒಂದ್ಸಲ ಬಂದು ನನ್ನ ಕಳ್ಳೀನ ಊರು ಬಿಡಿಸಿ ಕಳಿಸ್ತೀನಿ, ಅಷ್ಟೆ" ಅಂದಳು.

ತಂಗಿ ಗೋಗರೆದಳು. ಇನ್‌ಸ್ಪೆಕ್ಟರ್ ಗೋಗರೆಯಲಿಲ್ಲ. ಸುಳ್ಳು ತಕ್ಕಡಿ ಸಿಕ್ಕಿಬಿದ್ದಾಗ ಅಂಗಡಿಯವನು ಬಾಗಿಲೆಳೆಯುವುದನ್ನು ಅವನು ಬೇಕಾದಷ್ಟು ನೋಡಿದ್ದ. ದಾಳದ ಮೋಸ ಹೊರಬಿತ್ತು, ಸರಿ. ಆ ದನಿ ಯಾರದು? ಅದೊಂದು ಗೊತ್ತಾಗಬೇಕಿತ್ತು.

ಮುಂದಿನ ಭಾನುವಾರ ಆಟ ಶುರುವಾಗುವ ಹತ್ತು ನಿಮಿಷ ಮುಂಚೆ ಅವನು ಅಣ್ಣನ ಮನೆಯ ಮೆಟ್ಟಿಲು ಹತ್ತುತ್ತಿದ್ದ. ಹೇಳದೆ ಕೇಳದೆ ಬಂದಿದ್ದ. ಎರಡನೇ ಮಹಡಿಯಲ್ಲಿ ನಿಂತು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ. ಬಾಗಿಲು ಒರಗಿಸಿತ್ತು, ಒಳಗಿನಿಂದ ಅದೇ ಗಂಡು ದನಿ ಬರುತ್ತಿತ್ತು. ಬಾಗಿಲಿಗೆ ಕಿವಿಯಿಟ್ಟ.

"ಗುಂಡಿ. ಹೆಸರಿಲ್ಲ," ಎಂದಿತು ದನಿ. "ಗುಂಡಿ. ಹೆಸರಿಲ್ಲ. ಗುಂಡಿ. ಹೆಸರಿಲ್ಲ. ಚಿತ್ರ. ಚಿತ್ರ. ಚಿತ್ರ."

"ಏನ್ ಚಿತ್ರ ಅಂತ ಹೇಳೋ, ಮೂದೇವಿ!" ಅತ್ತಿಗೆ ಬೈದಳು.

"ಚಿತ್ರ," ಎಂದಿತು ದನಿ.

ಅವನು ಬಾಗಿಲು ತಳ್ಳಿದ. ಅವಳೊಬ್ಬಳೇ ಮೇಜಿನ ಮುಂದೆ ಕೂತಿದ್ದಳು, ಮೂಗು ಪರದೆಗೆ ತಾಗುವಷ್ಟು ಹತ್ತಿರ, ಕತ್ತನ್ನು ಒಂದು ಪಕ್ಕಕ್ಕೆ ಹೊರಳಿಸಿ ಕಣ್ಣಂಚಿನಿಂದ ನೋಡುತ್ತಾ. ಮಾತಾಡುತ್ತಿದ್ದದ್ದು ಕಂಪ್ಯೂಟರು, ಪರದೆಯ ಮೇಲಿದ್ದದ್ದನ್ನು ಒಂದೊಂದಾಗಿ ಓದಿ ಹೇಳುತ್ತಾ. ಸದ್ದಿಗೆ ತಿರುಗಿದಳು. ಇಬ್ಬರ ನಡುವೆ ನಾಲ್ಕು ಹೆಜ್ಜೆ ದೂರವೂ ಇರಲಿಲ್ಲ. ಅವಳ ನೋಟ ಅವನ ಭುಜದ ಪಕ್ಕ ಎಲ್ಲೋ ನಿಂತಿತು.

"ಯಾರು?" ಅಂದಳು.

ಅವನು ಒಂದು ಹೆಜ್ಜೆ ಮುಂದಿಟ್ಟ.

"ಯಾರದು? ಕರೀತೀನಿ ನೋಡಿ ಪಕ್ಕದ ಮನೆಯವರನ್ನ!"

"ನಾನು ಅತ್ತಿಗೆ."

ಅವಳ ಮುಖದಿಂದ ಭಯ ಇಳಿಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಕೈಚಾಚಿ ಕಂಪ್ಯೂಟರಿನ ದನಿ ನಿಲ್ಲಿಸಿದಳು. "ಕೂತ್ಕೋ," ಅಂದಳು.

ಒಂದೂವರೆ ವರ್ಷದಿಂದಂತೆ. ಎರಡೂ ಕಣ್ಣಿನ ನಡುಭಾಗ ಸವೆದುಹೋಗಿದೆ. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದರೆ ಮಸಿ ಚೆಲ್ಲಿದ ಹಾಗೆ. ಕೊನೆಗೆ ತಿದ್ದಿದ ಪುಸ್ತಕದಲ್ಲಿ ಲೇಖಕರ ಹೆಸರೇ ತಪ್ಪಾಗಿ ಅಚ್ಚಾಯಿತಂತೆ. ಅದಕ್ಕೇ ಕೆಲಸ ಬಿಟ್ಟದ್ದು. ಅಣ್ಣನಿಗೆ ತನ್ನ ಕನ್ನಡಕ ಬದಲಾಯಿಸಬೇಕು ಎಂದಷ್ಟೇ ಹೇಳಿದ್ದಾಳೆ. ಅವನು ನಾಲ್ಕು ದಿನ ಮನೆಯಲ್ಲಿರುವುದಿಲ್ಲ, ಇರುವ ಮೂರು ದಿನ ನಿದ್ದೆ.

"ದಾಳದ ಅಂಕಿ ಇಷ್ಟೇ ಇಷ್ಟು," ಬೆರಳ ತುದಿ ತೋರಿಸಿದಳು. "ಉರುಳಿಸ್ತಿದ್ದೆ. ಮೇಜಿನ ಸುತ್ತ ಇದ್ದಾಗ ನಿಮ್ಮಲ್ಲೇ ಯಾರಾದ್ರೂ ಓದಿಬಿಡ್ತಿದ್ರಿ, ಈಗ ಎಷ್ಟು ಬಿತ್ತು ಅಂತ ಯಾರನ್ನ ಕೇಳಲಿ? ಬಾಯಿಗೆ ಬಂದಿದ್ದು ಹೇಳ್ತಿದ್ದೆ. ತುಂಬ ಹೆಚ್ಚಿಗೆ ಹೇಳಿದರೆ ಅನ್ಯಾಯ ಅಂತ, ನಡುಮಧ್ಯದ್ದು ಹೇಳ್ತಿದ್ದೆ."

"ಒಂದು ಮಾತು ಹೇಳಬಾರದಿತ್ತಾ ಅತ್ತಿಗೆ?"

"ಹೇಳಿದ್ದರೆ? ಪಾಪ ಅಂತ ಎಲ್ಲ ಬೀಗಾನೂ ನೀವೇ ತೆಗೆದುಕೊಡ್ತಿದ್ರಿ. ಕಳ್ಳಿ ಹೋಗಿ ಹೊರೆಯಾಗ್ತಿದ್ದೆ." ಅವಳು ಕತ್ತನ್ನು ಅವನ ಕಡೆ ಹೊರಳಿಸಿದಳು. "ಅದಿರಲಿ. ನೀನು ಯಾಕೆ ಬಂದೆ? ಚಪ್ಪಲಿ ಸದ್ದೇ ಆಗಲಿಲ್ಲ."

ಚಪ್ಪಲಿ ಇನ್ನೂ ಅವನ ಕೈಯಲ್ಲೇ ಇತ್ತು. ಸುಳ್ಳು ಹೇಳಬಹುದಿತ್ತು, ಅವಳಿಗೆ ಕಾಣುತ್ತಿರಲಿಲ್ಲ. ಅದೇ ಕಾರಣಕ್ಕೆ ಹೇಳಲಾಗಲಿಲ್ಲ. ಹಾಳೆಯ ವಿಷಯ ಹೇಳಿದ, ಅರವತ್ತಮೂರು ಸಲ ಎಣಿಸಿದ್ದು ಹೇಳಿದ, ತಾಣಗಳ ಪರೀಕ್ಷೆ ಯಾಕೆ ಹೂಡಿದೆ ಎಂದು ಹೇಳಿದ. ಅವಳು ಕೇಳುತ್ತಾ ಕೂತಳು.

"ನಿಮ್ಮಣ್ಣ ಫೋನು ಮಾಡಿದ್ದರು," ಎಂದಳು ನಿಧಾನವಾಗಿ. "'ಇವನ್ಯಾಕೋ ಮನೆಗೆ ಯಾರು ಬಂದಿದ್ರು ಅಂತ ಕೇಳ್ದ' ಅಂದ್ರು. ನನಗೆ ಆಗ ಹೊಳೀಲಿಲ್ಲ. ಈಗ ಹೊಳೀತು."

"ಅತ್ತಿಗೆ..."

"ಎದ್ದು ಹೋಗು. ಇವತ್ತು ನಿನ್ನ ಹತ್ತಿರ ಮಾತಾಡೋಕೆ ನನಗಾಗೋದಿಲ್ಲ."

ಅವನು ಎದ್ದು ಹೋದ. ಮೆಟ್ಟಿಲು ಇಳಿಯುವಾಗಲೂ ಬರಿಗಾಲು.

ಆ ಮಧ್ಯಾಹ್ನ ಅತ್ತಿಗೆ ಆಟಕ್ಕೆ ಬಂದು, ಕಳ್ಳಿಯನ್ನು ಊರು ಬಿಡಿಸುವ ಬದಲು, ಎಲ್ಲರಿಗೂ ತಾನೇ ಬಾಯಿಬಿಟ್ಟು ಹೇಳಿದಳಂತೆ. ತಂಗಿ ಅತ್ತಳು. ಲಿಫ್ಟಿನವನು ಅಳಲಿಲ್ಲ, ಕೆಲಸದ ಮಾತಾಡಿದ. ಅವನು ಕಣ್ಣಿಲ್ಲದವರ ಬೆರಳಿಗೆಂದು ಲಿಫ್ಟಿನ ಗುಂಡಿಗಳ ಪಕ್ಕ ಉಬ್ಬುಚುಕ್ಕೆಯ ಪಟ್ಟಿ ಕೂರಿಸುವವನು. "ಹೆಸರಿಲ್ಲದ ಗುಂಡಿ ಇಟ್ಟರೆ ನನ್ನ ಲೈಸೆನ್ಸೇ ಕಿತ್ಕೊಳ್ತಾರೆ. ಇವರು ಹೇಗೆ ಇಟ್ಟಿದಾರೆ?" ಎಂದು ಎರಡೂ ತಾಣದವರಿಗೆ ಕೆಂಡಾಮಂಡಲವಾಗಿ ಪತ್ರ ಬರೆದ. ಸಂತೆಯವರು ಉತ್ತರಿಸಲೇ ಇಲ್ಲ. ಲಾಟೀನಿನವರು "ಗಮನಕ್ಕೆ ತಂದದ್ದಕ್ಕೆ ಧನ್ಯವಾದ" ಎಂದು ಒಂದು ಸಾಲು ಕಳಿಸಿದರು.

ಇನ್‌ಸ್ಪೆಕ್ಟರ್ ಹೊಸ ಹಾಳೆ ತೆಗೆದ. ಹೆಂಡತಿಯ ದುಪಟ್ಟಾ ಕಣ್ಣಿಗೆ ಕಟ್ಟಿಕೊಂಡು, ಕಂಪ್ಯೂಟರಿನ ಓದುವ ದನಿ ಹಚ್ಚಿ, ಸಿಕ್ಕಿದ ತಾಣಗಳನ್ನೆಲ್ಲ ಒಂದೊಂದಾಗಿ ತೆರೆದ. ತಾಣದ ಬೆಳಕು-ನೆರಳು ಎಷ್ಟು ಚಂದವೋ ಓದುವ ದನಿಗೆ ಅದು ಅಷ್ಟೇ ಕುರುಡು. ಏಳನೆಯದು ದಕ್ಕಿತು. ನಕ್ಷೆಯಿಲ್ಲ, ಚಿತ್ರವಿಲ್ಲ, ಬರೀ ಮಾತಿನ ಕೋಣೆ. ಒಂದು ಸಣ್ಣ ಆಜ್ಞೆ ಟೈಪು ಮಾಡಿದರೆ ದಾಳ ಉರುಳಿ ಅಕ್ಷರದಲ್ಲಿ ಉತ್ತರ ಬರುತ್ತದೆ, ದನಿ ಅದನ್ನು ಸ್ಪಷ್ಟವಾಗಿ ಓದುತ್ತದೆ. ಮಿಕ್ಕ ಯಾವ ತಾಣದ ಮುಂದಿಟ್ಟರೂ ಬಡಪಾಯಿ. ಅವನು ಅದರ ಹೆಸರು ತಂಗಿಗೆ ಕಳಿಸಿ, ನಾನು ಹುಡುಕಿದ್ದು ಅಂತ ಹೇಳಬೇಡ ಎಂದ. ಅವಳು ಹೇಳಿದಳು, ತಂಗಿಯರು ಹಾಗೆಯೇ.

ಆಟ ಮತ್ತೆ ನಡೆಯಿತು. ತಂಗಿ ಓಣಿಯ ಉದ್ದ, ಗೋಡೆಯ ತೇವ, ಬಾಗಿಲಿನ ಹಿಂದಿನ ಉಸಿರು ಎಲ್ಲವನ್ನೂ ಬಾಯಲ್ಲೇ ಕಟ್ಟಿಕೊಡಲು ಕಲಿತಳು. ಅತ್ತಿಗೆ ಆಟದೊಳಗೆ ಕಾವಲುಗಾರನ ಜತೆ ಮಾತಾಡುತ್ತಿದ್ದಳು, ಆಟದ ಹೊರಗೆ ಮೈದುನನ ಜತೆ ಇಲ್ಲ. ಆರು ವಾರ ಹೀಗೇ ಹೋಯಿತು. ಅವನು ಅಂಗಡಿಗಳಲ್ಲಿ ಮೊದಲಿನಂತೆಯೇ ತಟ್ಟೆ ಎತ್ತಿ ನೋಡುತ್ತಿದ್ದ, ಅದನ್ನು ಬಿಡುವ ಹಾಗಿರಲಿಲ್ಲ. ಮನೆಯಲ್ಲಿ ಮಾತ್ರ ಹೆಂಡತಿ ಕೊಟ್ಟ ಚಹಾವನ್ನು ಸುಮ್ಮನೆ ಕುಡಿಯುತ್ತಿದ್ದ. ಅವಳಿಗೆ ಅದರಿಂದಲೇ ಅನುಮಾನ ಬಂದು "ಮೈ ಹುಷಾರಿಲ್ವಾ?" ಎಂದು ಕೇಳಿದ್ದಳು.

ಏಳನೇ ವಾರ, ಒಂದು ಮಂಗಳವಾರ ಬೆಳಗ್ಗೆ ಫೋನು ಬಂತು.

"ನಿಮ್ಮಣ್ಣನಿಗೆ ಹೇಳಿದೆ," ಅಂದಳು ಅತ್ತಿಗೆ, ಪೀಠಿಕೆಯಿಲ್ಲದೆ. "ಎರಡು ದಿನ ಮಾತೇ ಆಡಲಿಲ್ಲ. ಮೂರನೇ ದಿನ ಅಡುಗೆಮನೆ ಡಬ್ಬಿಗಳನ್ನೆಲ್ಲ ಒಂದೇ ಸಾಲಿಗೆ ಜೋಡಿಸಿಟ್ರು. ನಾಳೆ ಕಣ್ಣಾಸ್ಪತ್ರೆ. ಅವರು ಗಾಡೀಲಿರ್ತಾರೆ. ನೀನು ಬಾ."

"ಬರ್ತೀನಿ ಅತ್ತಿಗೆ."

"ಚಪ್ಪಲಿ ಹಾಕ್ಕೊಂಡು ಬಾ."

ಮರುದಿನ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಅರ್ಧ ದಾರಿಯಲ್ಲಿ ಅವಳು ಅವನ ಕಡೆಗೆ ವಾಲಿ, ದನಿ ತಗ್ಗಿಸಿ, ಮುಂದಿನ ಭಾನುವಾರ ಅರಸನ ಖಜಾನೆಗೆ ಕನ್ನ ಹಾಕುವ ಯೋಚನೆ ಇದೆ, ಕೋಟೆಯ ಕಾವಲುಗಾರ ಉತ್ತರದ ಬಾಗಿಲಲ್ಲಿ ಒಂದು ಗಳಿಗೆ ಬೆನ್ನು ತಿರುಗಿಸಿ ನಿಂತರೆ ಸಾಕು ಎಂದಳು. ತಂಗಿಗೆ ಒಂದಕ್ಷರ ಗೊತ್ತಾಗಬಾರದು.

"ನಾನ್ಯಾಕೆ ತಿರುಗಿ ನಿಲ್ಲಲಿ? ನನಗೇನು ಸಿಗುತ್ತೆ?"

"ಮೂರರಲ್ಲೊಂದು ಪಾಲು," ಎಂದಳು ಅತ್ತಿಗೆ. "ನಂಬಿದರೆ ನಂಬು, ಬಿಟ್ಟರೆ ಬಿಡು."

ಅವನು ನಂಬುತ್ತೇನೆ ಎಂದ. ನಿಲ್ದಾಣ ಬಂತು. ಅವಳು ಅವನ ತೋಳು ಹಿಡಿದು ಇಳಿದಳು.