ಕೆಂಚಿಯ ಅಧ್ಯಾಯಗಳು

2024ರ ನವೆಂಬರ್ 17, ರವಿವಾರ, ಬೆಳಿಗ್ಗೆ ಹತ್ತೂಕಾಲಕ್ಕೆ ಗೌರೀಶ ಯರಗುಪ್ಪಿಯಲ್ಲಿರುವ ಅಕ್ಕನ ಮನೆಯ ಪಡಸಾಲೆಯಲ್ಲಿ ಕುಳಿತು ‘ಕರಿನೀರ ರಾಜ್ಯ’ದ ಹನ್ನೊಂದನೆಯ ಸಂಪುಟ ತೆರೆದ. ಅಕ್ಕ ಗುರವ್ವ ಗೋಡೆಗೆ ಒರಗಿ, ಕಾಲು ಚಾಚಿ, ಕೇಳಲು ಸಿದ್ಧಳಾದಳು.

ಒಬ್ಬನೇ ಲೇಖಕ ಇಪ್ಪತ್ತಾರು ವರ್ಷಗಳಿಂದ ಬರೆಯುತ್ತಿರುವ ಕಾದಂಬರಿ ಮಾಲೆ ಅದು. ಶಾಪ ಹೊತ್ತ ಕೋಟೆ, ಮಾತಾಡುವ ಕುದುರೆ, ಸತ್ತು ಹುಟ್ಟುವ ರಾಜರು. ಮೊದಲ ಸಂಪುಟವನ್ನು ಹುಬ್ಬಳ್ಳಿಯಿಂದ ತಂದವಳು ಗುರವ್ವ. ಆಗ ಗೌರೀಶ ಧಾರವಾಡದಲ್ಲಿ ಬಿ.ಎಸ್‌ಸಿ. ಓದುತ್ತಿದ್ದ. ಮೊದಲು ಅವಳು ಓದುವುದು, ಆಮೇಲೆ ಇವನು, ಆಮೇಲೆ ಯಾರು ಸಾಯಬಾರದಿತ್ತು ಎಂದು ಇಬ್ಬರ ಜಗಳ. ಆರು ಸಂಪುಟ ಹಾಗೆ ಮುಗಿದವು. ಏಳನೆಯದು ಬರುವಷ್ಟರಲ್ಲಿ ಗ್ಲಾಕೋಮಾ ಅವಳ ಎರಡೂ ಕಣ್ಣುಗಳನ್ನು ತೆಗೆದುಕೊಂಡಿತ್ತು. ಅಂದಿನಿಂದ, ಕುಂದಗೋಳದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಗೌರೀಶ ರವಿವಾರಕ್ಕೊಮ್ಮೆ ಬಂದು ಓದಿ ಹೇಳುತ್ತಾನೆ. ತಮ್ಮ ಅಂದರೆ ಹೀಗಿರಬೇಕು ಎಂದು ಓಣಿಯವರು ಹೊಗಳಿದ್ದುಂಟು.

ಆ ಏಳನೆಯ ಸಂಪುಟದಲ್ಲಿಯೇ ಕೆಂಚಿ ಎಂಬ ದೋಣಿಯವಳು ಬಂದದ್ದು. ಯುದ್ಧವಿಲ್ಲ, ಮಾಟವಿಲ್ಲ, ಜನರನ್ನು ಹೊಳೆ ದಾಟಿಸುತ್ತಾಳೆ, ದಾಟುವವರ ಮಾತು ಕೇಳುತ್ತಾಳೆ, ಅಷ್ಟೆ. ತನ್ನಷ್ಟಕ್ಕೆ ಓದುವಾಗ ಗೌರೀಶ ನಾಲ್ಕು ಸಾಲು ನೋಡಿ ಆ ಅಧ್ಯಾಯ ಬಿಟ್ಟಿದ್ದ. ಅಕ್ಕನಿಗೆ ಓದುವಾಗಲೂ ಬಿಟ್ಟ. ಕೇಳುವವಳಿಗೆ ಪುಟದ ಸಂಖ್ಯೆ ಕಾಣುವುದಿಲ್ಲ. ಮುಂದಿನ ಸಂಪುಟಗಳಲ್ಲಿ ಕೆಂಚಿಯ ಹೆಸರು ಕಂಡ ಅಧ್ಯಾಯಗಳನ್ನೆಲ್ಲ ದಾಟಿಕೊಂಡೇ ಹೋದ. ಓದು ಬೇಗ ಮುಗಿದು, ಮರಳುವ ಹನ್ನೆರಡೂವರೆಯ ಬಸ್ಸು ತಪ್ಪುತ್ತಿರಲಿಲ್ಲ.

ಹತ್ತನೆಯ ಸಂಪುಟದಲ್ಲಿ, ರಾಜನ ಅಧ್ಯಾಯದ ನಡುವೆಯೇ ಅವಳ ಹೆಸರು ಬಂದಾಗ ಗುರವ್ವ ತಡೆದಿದ್ದಳು.

“ಈ ಕೆಂಚಿ ಯಾರಲೇ?”

“ಏಳನೇ ಪುಸ್ತಕದಿಂದ ಬರಾಕ ಹತ್ಯಾಳಲ್ಲ ಅಕ್ಕಾ. ನೀ ಮರತಿ.”

ಸುಲಭವಾಗಿ ಬಂದ ಮಾತು. ಇನ್ನೆರಡು ಸಲ ಅದನ್ನೇ ಹೇಳಿದ. ಮೂರನೆಯ ಸಲ ಅವಳು “ಹೌದೇನೋ” ಎಂದು ಒಪ್ಪಿಕೊಂಡಳು.

ಇಂದು ಹೊಸ ಸಂಪುಟದ ಮೂರನೆಯ ಪುಟದಲ್ಲಿಯೇ ರಾಜ ತನ್ನ ಕಿರೀಟ ತೆಗೆದು ಕೆಂಚಿಯ ತಲೆಯ ಮೇಲಿಟ್ಟ. ಇಡೀ ದಂಡು ಬಿಕ್ಕಿ ಬಿಕ್ಕಿ ಅತ್ತಿತು. ಗೌರೀಶ ಓದುವುದನ್ನು ನಿಲ್ಲಿಸಿದ. ಯಾಕೆ ಅತ್ತರೋ ಅವನಿಗೂ ತಿಳಿಯಲಿಲ್ಲ.

“ಓದು,” ಎಂದಳು ಗುರವ್ವ. “ನಂಗ ನೆನಪಿಲ್ಲಂತ ನೀ ಯಾಕ ನಿಲ್ತಿ? ನಿನ್ನ ತಪ್ಪೇನೈತಿ ಅದರಾಗ?”

ಅಷ್ಟರಲ್ಲಿ ಸೊಸೆ ಸೌಂದರ್ಯಾ ಚಹಾ ತಂದಳು. “ಮಾವಾರ, ನೀವರ ಬುದ್ಧಿ ಹೇಳ್ರಿ ಅತ್ತ್ಯಾರಿಗೆ. ನಾಳಿಂದ ಮಠಕ್ಕ ವಚನ ಹೇಳಾಕ ಹೋಗೂದಿಲ್ಲಂತ. ಮಲ್ಲಮ್ಮಾರಿಗೆ ನೀವ ನಡಸ್ರಿ ಅಂತ ಹೇಳೇ ಬಿಟ್ಟಾರ. ಗುಳಿಗಿ ಡಬ್ಬಿನೂ ನನ್ನ ಕೈಯಾಗ ಕೊಟ್ಟಾರ.”

ಸೋಮವಾರಗಳಂದು ಮಠದಲ್ಲಿ ಹೆಂಗಸರಿಗೆ ವಚನ ಹೇಳಿಕೊಡುವುದು ಮೂವತ್ತು ವರ್ಷಗಳಿಂದ ಗುರವ್ವನ ಕೆಲಸ. ಕಣ್ಣು ಹೋದ ಮೇಲೂ ನಿಂತಿರಲಿಲ್ಲ; ಎಲ್ಲವೂ ಬಾಯಿಪಾಠ.

“ವಚನ ತಪ್ಪಿದೇನಕ್ಕಾ?” ಎಂದ ಗೌರೀಶ.

“ಇನ್ನೂ ತಪ್ಪಿಲ್ಲ. ತಪ್ಪೂದ್ರಾಗ ಬಿಡೂದು ಚಲೊ. ಎಲ್ಲಾರ ಮುಂದ ಬಾಯಿ ತಗದು ನಿಂತ್ರ ನಾಚಿಕಿ ಅಲ್ಲೇನ?”

“ವಯಸ್ಸಾದ ಮ್ಯಾಲೆ ಎಲ್ಲಾರಿಗೂ ಒಂದೀಟು ಮರವು ಇರ್ತೈತಿ...” ಹೇಳುತ್ತಿದ್ದಂತೆಯೇ ಅವನಿಗೆ ತನ್ನ ದನಿ ಹೇಸಿಗೆ ಎನಿಸಿತು.

“ಒಂದೀಟಲ್ಲ. ಒಬ್ಬಾಕಿ ಹೆಂಗಸು ನಾಕ ಪುಸ್ತಕದ ತುಂಬ ಅಡ್ಡಾಡ್ಯಾಳ, ಆಕಿ ಮಾರಿ ಸೈತ ನೆನಪಿಲ್ಲ ನಂಗ. ಮೂರ್ಸಲ ನೀನ ಹೇಳೀದಿ. ಜೀವಶಾಸ್ತ್ರ ಓದಿದಾಂವ, ಸುಳ್ಳ ಹೇಳ್ತೀಯೇನ?”

ಚಹಾದ ಮೇಲೆ ಕೆನೆ ಕಟ್ಟತೊಡಗಿತ್ತು. ಇನ್ನೊಂದು ಪುಟ ಓದಿಬಿಟ್ಟರೆ ಮಾತು ಬೇರೆ ಕಡೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಾಗೆ ಲೆಕ್ಕ ಹಾಕಿದ್ದಕ್ಕೇ ಕಿವಿ ಬಿಸಿಯಾದವು.

“ನೀ ಮರತಿಲ್ಲಕ್ಕಾ,” ಎಂದ. “ನಾ ಓದಿಲ್ಲ. ಕೆಂಚಿದು ಬಂದಲ್ಲೆಲ್ಲಾ ಬಿಟ್ಟೀನಿ. ಬ್ಯಾಸರ ಬರ್ತಿತ್ತು. ನೀ ಕೇಳಿದಾಗ ಮರತಿ ಅಂತ ಸುಳ್ಳ ಹೇಳಿದೆ.”

ಗುರವ್ವ ಚಾಚಿದ ಕಾಲುಗಳನ್ನು ಮೆಲ್ಲಗೆ ಮಡಚಿಕೊಂಡಳು. ಸೌಂದರ್ಯಾ ತಟ್ಟೆ ಹಿಡಿದು ನಿಂತೇ ಇದ್ದಳು. ಅವಳಾದರೂ ಒಳಗೆ ಹೋಗಬಾರದೇ ಎಂದುಕೊಂಡ ಗೌರೀಶ.

“ನಿನ್ನ ಕಾಲೇಜಿನ ಹುಡುಗ್ರು ಸೂಕ್ಷ್ಮದರ್ಶಕದಾಗ ನೋಡದನ ಚಿತ್ರ ತಗದ್ರ ಏನ್ ಮಾಡ್ತಿ?” ಗುರವ್ವನ ದನಿ ಏರಿರಲಿಲ್ಲ.

“ಅಡ್ಡ ಗೆರಿ ಹೊಡೀತೀನಿ. ಮತ್ತ ಮಾಡಸ್ತೀನಿ.”

“ಹಾಂ. ಕಣ್ಣು ಹೋದ್ವು, ಅದಕ್ಕ ಹೊಂದಿಕೊಂಡೀನಿ. ತಲೀನೂ ಹೊಂಟತಿ ಅಂತ ಎಂಟ ತಿಂಗಳಾತು ಅಂಜ್ಕೊಂಡ ಕುಂತೀನಿ. ಮುಂಜಾನಿ ಎದ್ದ ಕೂಡ್ಲೆ ಮೊಮ್ಮಕ್ಕಳ ಹೆಸರು ಒಂದೊಂದ ಹೇಳಿ ನೋಡ್ಕೋತೀನಿ, ಇವತ್ತ ಯಾವುದು ಬಿಟ್ಟು ಹೊಕ್ಕೈತೋ ಅಂತ. ನಿನ್ನ ಬ್ಯಾಸರಕ್ಕಲೇ.”

ಗೌರೀಶ ತೆರೆದ ಪುಸ್ತಕ ಮುಚ್ಚಿ ಕೆಳಗಿಟ್ಟ.

“ಸೌಂದರ್ಯಾ, ಮಲ್ಲಮ್ಮಗ ಫೋನ್ ಹಚ್ಚವಾ. ನಾಳೆ ನಾನ ಬರ್ತೀನಿ ಅನ್ನು. ಯಾಕಂತ ಕೇಳಿದ್ರ ಇವನ ಕೈಯಾಗ ಕೊಡು.”

ಮಲ್ಲಮ್ಮ ಕೇಳಿಯೇ ಕೇಳಿದಳು. ಅವಳ ಮಗಳು ಗೌರೀಶನ ತರಗತಿಯಲ್ಲಿಯೇ ಇದ್ದಳು. ನಿಂತುಕೊಂಡು, ಗೋಡೆಯ ಕಡೆ ಮುಖ ಮಾಡಿ, ನಡೆದದ್ದನ್ನೆಲ್ಲ ಹೇಳಿದ.

“ಅಯ್ಯ ಸರ್,” ಎಂದು ಮಲ್ಲಮ್ಮ ನಕ್ಕಳು, “ನೀವೂ ಪಾಠ ಹಾರಸ್ತೀರೇನ್ರಿ? ನಮ್ಮ ಹುಡುಗಿಗೆ ಹೇಳ್ಲ್ಯಾ?” ಆಮೇಲೆ ನಗು ನಿಂತಿತು. “ನಾವೂ ಖರೇನ ಅಂತ ನಂಬಿದ್ವಿರಿ. ಮೊನ್ನೆ ಮಠದ ಪ್ರಸಾದಕ್ಕ ನಿಮ್ಮ ಅಕ್ಕಾರು ಉಪ್ಪು ಕಡಿಮಿ ಹಾಕಿದ್ರ, ಮರವು ಪಾಪ, ಅಂತ ಮಾತಾಡ್ಕೊಂಡ್ವಿ.”

ಫೋನ್ ಇಟ್ಟು ತಿರುಗಿದಾಗ ಗುರವ್ವ ಗೂಡಿನತ್ತ ಕೈ ತೋರಿಸುತ್ತಿದ್ದಳು. ಹಳೆಯ ಸಂಪುಟಗಳು ಅಲ್ಲಿ ಸಾಲಾಗಿ ನಿಂತಿದ್ದವು.

“ನಾಕೂ ತಗಿ. ಎಷ್ಟ ಬಿಟ್ಟಿ, ಎಣಿಸಿ ಹೇಳು. ಇವತ್ತಿಂದ ಅವನ್ನ ಮೊದಲ ಓದೂಣು.”

ಗೌರೀಶ ನೆಲದ ಮೇಲೆ ಕುಳಿತು ಏಳನೆಯದರಿಂದ ಶುರು ಮಾಡಿದ. ಕೆಂಚಿಯ ಅಧ್ಯಾಯ ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂದು ನೋಡಿ ಬಸ್ ಟಿಕೀಟಿನ ಹಿಂದೆ ಬರೆದುಕೊಂಡ. ಆ ಪುಟಗಳ ಅಂಚು ಬೇರೆಯವುಗಳಿಗಿಂತ ಬೆಳ್ಳಗಿತ್ತು. ಯಾರ ಬೆರಳೂ ತಾಗಿರಲಿಲ್ಲ. ಒಂದು ಕಡೆ ಎರಡು ಹಾಳೆ ಕತ್ತರಿಸದೆ ಹಾಗೆಯೇ ಅಂಟಿಕೊಂಡಿದ್ದವು. ಇಪ್ಪತ್ತಾರು ವರ್ಷಗಳ ನೆಚ್ಚಿನ ಲೇಖಕ ಎಂದು ಸಿಬ್ಬಂದಿ ಕೋಣೆಯಲ್ಲಿ ಎಷ್ಟು ಸಲ ಹೇಳಿಕೊಂಡಿದ್ದನೋ.

ಎರಡು ಸಲ ಕೂಡಿಸಿದ. ‘ಸುಮಾರು ಮುನ್ನೂರು’ ಎಂದು ನಾಲಿಗೆಯ ತುದಿಗೆ ಬಂತು.

“ಎಷ್ಟಲೇ?” ಎಂದಳು ಗುರವ್ವ.

“ಮುನ್ನೂರ ನಲವತ್ತೊಂದು ಪುಟ.”