ಆರು ಸೆಂಟಿಮೀಟರ್ ನೋವು

ಟೈಲರಮ್ಮನದು ಹಾಲು ಕೊಟ್ಟವರನ್ನೂ ನೀರೆಷ್ಟು ಬೆರೆಸಿದಿರಿ ಎಂದು ಕೇಳುವ ಸ್ವಭಾವ. ಎರಡು ವರ್ಷದಿಂದ ಅವಳ ಬಲಮಂಡಿ ಕೈಕೊಟ್ಟಿತ್ತು. ಹೊಲಿಗೆ ಯಂತ್ರದ ಪೆಡಲು ಒತ್ತಿದರೆ ಪ್ರಾಣವೇ ಹೋದಂತಾಗುತ್ತಿತ್ತು. ಮಂಡಿ ಬದಲಿಸುವ ಆಪರೇಶನ್ ಸಿಗುತ್ತದೋ ಇಲ್ಲವೋ ಎಂಬುದು ಇವತ್ತು ತೀರ್ಮಾನವಾಗಬೇಕಿತ್ತು. ಅಂಥ ದಿನವೇ ಆಸ್ಪತ್ರೆಯಲ್ಲಿ ನರ್ಸು ಪ್ರಶ್ನೆಗಳ ಹಾಳೆ ತಂದು ಕೈಗಿಟ್ಟಳು.

"ಮೊದಲು ಇದನ್ನ ತುಂಬಿ. ಒಂದು ಗಂಟೆ ಬಿಟ್ಟು ಇದೇ ಪ್ರಶ್ನೆಗಳನ್ನ ಟ್ಯಾಬ್ಲೆಟ್ ಪರದೆ ಮೇಲೆ ಕೊಡ್ತೀವಿ. ಎರಡೂ ಹೊಂದುತ್ತಾ ಅಂತ ನೋಡ್ಬೇಕು."

ಟೈಲರಮ್ಮನ ಕಿವಿ ನೆಟ್ಟಗಾಯಿತು. ಜೊತೆಗೆ ಬಂದಿದ್ದ ನಾದಿನಿ ನಕ್ಕಳು. "ಅವರು ಯಂತ್ರಾನ ಪರೀಕ್ಷೆ ಮಾಡ್ತಿರೋದು ಅತ್ತಿಗೆ, ನಿಮ್ಮನ್ನಲ್ಲ."

"ನಿನಗೇನು ಗೊತ್ತು? ಪೊಲೀಸರೂ ಹೀಗೇ, ಒಂದೇ ಪ್ರಶ್ನೆ ಎರಡು ಸಲ ಕೇಳ್ತಾರೆ."

ಮೆಟ್ಟಿಲು ಹತ್ತುವಾಗ ಹೇಗೆ, ಕಾಲುಚೀಲ ಹಾಕಿಕೊಳ್ಳುವಾಗ ಹೇಗೆ ಎಂಬುದಕ್ಕೆಲ್ಲ ಉತ್ತರಿಸಿದ್ದಾಯಿತು. ಕೊನೆಯಲ್ಲಿ ಒಂದು ಗೆರೆ. ಎಡತುದಿಯಲ್ಲಿ 'ನೋವೇ ಇಲ್ಲ', ಬಲತುದಿಯಲ್ಲಿ 'ಸಹಿಸಲಾಗದ ನೋವು'. ನಡುವೆ ಅಂಕಿಯೇ ಇಲ್ಲ. ಅವಳು ಒಂದು ಕಡೆ ಗೀಟು ಹಾಕಿದಳು. ನರ್ಸು ಅತ್ತ ತಿರುಗಿದ್ದೇ ತಡ, ಚೀಲದಿಂದ ಟೇಪು ತೆಗೆದು ಎಡತುದಿಯಿಂದ ಗೀಟಿನವರೆಗೆ ಅಳೆದಳು. ಸರಿಯಾಗಿ ಆರು ಸೆಂಟಿಮೀಟರ್.

ಗಂಟೆ ಕಳೆದು ಟ್ಯಾಬ್ಲೆಟ್ ಬಂತು. ಅದೇ ಪ್ರಶ್ನೆಗಳು, ಅದೇ ಗೆರೆ. ಟೈಲರಮ್ಮ ಸೆರಗಿನ ಮರೆಯಲ್ಲಿ ಗಾಜಿನ ಮೇಲೆ ಟೇಪು ಹಿಡಿದು, ಆರರ ಬಳಿಯೇ ಬೆರಳೊತ್ತಿದಳು. ಸಿಕ್ಕಿಬೀಳಲು ಅವಳೇನು ಎಳೆಮಗುವೇ?

ಮೂಳೆ ಡಾಕ್ಟರು ಪರದೆ ನೋಡಿದರು. "ನೋವು ನೂರಕ್ಕೆ ಎಂಬತ್ತಾರು. ಎಪ್ಪತ್ತು ದಾಟಿದೆ. ಈ ತಿಂಗಳೇ ಆಪರೇಶನ್ ಮಾಡೋಣ."

ಟೈಲರಮ್ಮನಿಗೆ ಕೈಮುಗಿಯುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ನರ್ಸು ಹಾಳೆ ಮುಂದಿಟ್ಟಳು. "ಸಾರ್, ಇದರಲ್ಲಿ ಅರವತ್ತಿದೆ."

ಡಾಕ್ಟರ ಹುಬ್ಬು ಗಂಟಾಯಿತು. "ಏನಮ್ಮ, ಒಂದೇ ಗಂಟೇಲಿ ಇಷ್ಟು ಏರಿತಾ? ಎಪ್ಪತ್ತು ದಾಟ್ಬೇಕು ಅಂತ ಹೊರಗೆ ಯಾರಾದ್ರೂ ಹೇಳಿಕೊಟ್ರಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಟೇಪನ್ನು ಮೇಜಿನ ಮೇಲೆ ಬಡಿದಳು. "ನಾನು ಎರಡು ನಾಲಿಗೆಯವಳಲ್ಲ! ಅಳೆದು ನೋಡಿ, ಎರಡರಲ್ಲೂ ಆರೇ!"

ನರ್ಸು ಅಳೆದಳು. ಗೀಟು ಎರಡರಲ್ಲೂ ಆರಕ್ಕೇ ಇತ್ತು. ಆದರೆ ಹಾಳೆಯ ಗೆರೆ ಹತ್ತು ಸೆಂಟಿಮೀಟರ್ ಉದ್ದ, ಪರದೆಯದು ಏಳೇ.

ಡಾಕ್ಟರು ತಪ್ಪಾಯಿತೆಂದು ಕ್ಷಮೆ ಕೇಳಿದರು. ಎಂಬತ್ತಾರನ್ನು ಅಳಿಸಿ ಅರವತ್ತೆಂದು ಬರೆದರು. "ಅರವತ್ತಕ್ಕೆ ಆಪರೇಶನ್ ಬೇಡಮ್ಮ. ಒಂದು ವರ್ಷ ವ್ಯಾಯಾಮ ಮಾಡಿ, ಆಮೇಲೆ ನೋಡೋಣ."

ಹೊರಗೆ ಬಂದ ಕೂಡಲೇ ನಾದಿನಿ ತೋಳು ಹಿಡಿದಳು. "ನಿನ್ನೆ ಬಚ್ಚಲಲ್ಲಿ ಕೂತು ಗೊಳೋ ಅಂತ ಅತ್ರಲ್ಲ, ಅದು ಬರೀ ಆರಾ?"

"ಸಹಿಸಲಾಗದ್ದು ಅಂತ ಬರೆದಿತ್ತು ಕಣೇ. ನಾನು ಹೇಗೋ ಸಹಿಸ್ತಾ ಇದೀನಲ್ಲ. ಮುಂದೆ ಜಾಸ್ತಿಯಾದ್ರೆ ಇರ್ಲಿ ಅಂತ ನಾಲ್ಕು ಬಿಟ್ಟೆ. ಹೊಲಿಗೆ ಒಳಗೆ ಬಟ್ಟೆ ಬಿಡ್ತೀವಲ್ಲ, ಹಾಗೆ."

"ಅಯ್ಯೋ ನಿಮ್ಮ! ಈಗ್ಲೇ ಹೋಗಿ ಹೇಳಿ."

ಟೈಲರಮ್ಮ ಬಾಗಿಲವರೆಗೆ ಹೋದಳು. ಒಳಗೆ ಡಾಕ್ಟರು ನರ್ಸಿಗೆ, "ಪಾಪ, ಸತ್ಯವಂತೆ" ಎನ್ನುತ್ತಿದ್ದರು. ಅವಳು ತಟ್ಟಲೆಂದು ಎತ್ತಿದ ಕೈ ಇಳಿಸಿ, ಕುಂಟುತ್ತ ಹಿಂದಿರುಗಿದಳು.

"ಯಾಕೆ ಅತ್ತಿಗೆ?"

"ಈಗ ಹೋಗಿ ಒಂಬತ್ತು ಅಂದ್ರೆ ಯಾರು ನಂಬ್ತಾರೆ? ಅವರ ಜಾಗದಲ್ಲಿ ನಾನಿದ್ದಿದ್ರೆ ನಂಬ್ತಿರ್ಲಿಲ್ಲ" ಎಂದಳು ಟೈಲರಮ್ಮ.